ಕಲ್ಲಿನ ಕೋಟೆಯ ಮುಂದೆ ಒಂದು ಧರ್ಮಜಿಜ್ಞಾಸೆ

ಚಿತ್ರದುರ್ಗದ ಕೋಟೆಯನ್ನು ನೋಡಿ ಬಂದವರು ಸಾಮಾನ್ಯವಾಗಿ ಎರಡು ಮಾತುಗಳನ್ನಾಡುತ್ತಾರೆ. “ಎಂಥ ಕೋಟೆ!” ಎಂಬುದು ಮೊದಲನೆಯದು, “ಎಂಥ ವೀರರು!” ಎಂಬುದು ಎರಡನೆಯದು. ಎರಡೂ ಸಹಜವಾದ ಉದ್ಗಾರಗಳೇ. ಆದರೆ ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಗೃಹಸ್ಥನಿಗೆ ಅಲ್ಲಿ ಇನ್ನೊಂದು ಪ್ರಶ್ನೆಯೂ ಏಳಬೇಕು. ಯುದ್ಧದ ಗಾಯಗಳನ್ನು ಹೊತ್ತು ನಿಂತ ಕಲ್ಲುಗಳೆದುರು ನಾವು ಹೆಮ್ಮೆಪಡುವುದು ಯಾವುದಕ್ಕಾಗಿ? ಆ ಹೆಮ್ಮೆಯಲ್ಲಿ ಹಿಂಸೆಯ ಅನುಮೋದನೆಯೂ ಬೆರೆತಿದೆಯೆ? ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಬಗೆಗಳಲ್ಲಿ ಕರ್ಮಬಂಧವಾಗುವುದೆಂದು ಅರಿತವರು ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಕೋಟೆಯ ಏಳು ಸುತ್ತುಗಳು ಮನುಷ್ಯನ ಭಯಕ್ಕೆ ಕಲ್ಲಿನಲ್ಲಿ ಕಟ್ಟಿದ ರೂಪದಂತಿವೆ. ನೇರವಾಗಿ ನುಗ್ಗಲಾಗದಂತೆ ತಿರುವು ತಿರುವಾಗಿ ಸಾಗುವ ದಾರಿ, ಒಂದು ಬಾಗಿಲನ್ನು ದಾಟಿದವನಿಗೆ ಇದಿರಾಗುವ ಇನ್ನೊಂದು ಬಾಗಿಲು, ಕುಣಿಯೊಳಗೆ ನಿಂತಿರುವ ಮದ್ದು ಅರೆಯುವ ಭಾರಿ ಬೀಸುಕಲ್ಲುಗಳು, ಇವೆಲ್ಲ ಆ ಭಯದ ಸಾಕ್ಷಿಗಳು. ಆದರೆ ಅದೇ ಬೆಟ್ಟದಲ್ಲಿ ಮಳೆಯ ನೀರನ್ನು ಹನಿಯೂ ಪೋಲಾಗದಂತೆ ಹಿಡಿದು, ಒಂದು ಹೊಂಡ ತುಂಬಿದ ಮೇಲೆ ಮತ್ತೊಂದಕ್ಕೆ ಹರಿಯಿಸಿ, ಕಡೆಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳವರೆಗೆ ಮುಟ್ಟಿಸಿದ ಜಾಣ್ಮೆಯೂ ಇದೆ. ಬೇಟೆ, ಕಾಳಗಗಳಿಗೆ ಹೆಸರಾದ ಜನರೇ ಬರದ ಸೀಮೆಯಲ್ಲಿ ಜೀವರಕ್ಷಣೆಯ ಈ ಕಾರ್ಯವನ್ನೂ ಮಾಡಿದರು. ಕೋಟೆಯನ್ನು ಬರಿಯ ಹಿಂಸೆಯ ನೆಲೆಯೆಂದು ಕಡೆಗಣಿಸುವುದು ಆದುದರಿಂದ ನ್ಯಾಯವಲ್ಲ.

ಇನ್ನು ಒನಕೆಯ ಓಬವ್ವನ ಕಥೆ. ಕಹಳೆಯವನಾದ ಗಂಡ ಊಟಕ್ಕೆ ಬಂದಿದ್ದಾನೆ. ನೀರು ತರಲು ಹೋದ ಹೆಂಡತಿಗೆ ಬಂಡೆಗಳ ನಡುವಿನ ಕಿಂಡಿಯಿಂದ ಹೈದರನ ಸೈನಿಕರು ಒಬ್ಬೊಬ್ಬರಾಗಿ ನುಸುಳುವುದು ಕಾಣುತ್ತದೆ. ಕೈಗೆ ಸಿಕ್ಕ ಒನಕೆಯಿಂದಲೇ ಆಕೆ ಅವರನ್ನು ಹೊಡೆದುರುಳಿಸುತ್ತಾಳೆ. ಜನರ ನೆನಪು ಈ ಕಥೆಯನ್ನು ಕಾಪಾಡಿತು; 1972ರ ‘ನಾಗರಹಾವು’ ಚಲನಚಿತ್ರ ಅದನ್ನು ನಾಡಿನ ಮನೆಮನೆಗೆ ಮುಟ್ಟಿಸಿತು; 2021ರಿಂದ ನವೆಂಬರ್ 11ರಂದು ಸರ್ಕಾರವೇ ಆಕೆಯ ಜಯಂತಿಯನ್ನು ಆಚರಿಸುತ್ತಿದೆ.

ಈ ಕೃತ್ಯವನ್ನು ನಾವು ಹೇಗೆ ಅಳೆಯಬೇಕು? ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಕುಟ್ಟುವ ಒನಕೆ ಮನೆಯ ಪಂಚಸೂನೆಗಳಲ್ಲಿ ಒಂದು, ಆರಂಭೀ ಹಿಂಸೆಯ ಸಾಧನ. ಅಂದು ಆ ಕಿಂಡಿಯ ಬಳಿ ಅದು ವಿರೋಧೀ ಹಿಂಸೆಯ ಸಾಧನವಾಯಿತು. ಓಬವ್ವ ಯಾರ ಮನೆಯ ಮೇಲೂ ಏರಿ ಹೋದವಳಲ್ಲ. ಯೋಚಿಸಲು ಆಕೆಗೆ ಕ್ಷಣಕಾಲವೂ ಇರಲಿಲ್ಲ. ಅಣುವ್ರತಿಯಾದ ಗೃಹಸ್ಥನು ತ್ಯಜಿಸಲೇಬೇಕಾದುದು ಸಂಕಲ್ಪೀ ಹಿಂಸೆ. ತನ್ನನ್ನೂ ತನ್ನವರನ್ನೂ ಕಾಯುವಾಗ ಒದಗುವ ವಿರೋಧೀ ಹಿಂಸೆಯಿಂದ ಅವನು ಪೂರ್ಣವಾಗಿ ಬಿಡುಗಡೆ ಹೊಂದಲಾರ. ಆದರೆ ಅನಿವಾರ್ಯವಾದುದೆಲ್ಲ ಪುಣ್ಯವಾಗುವುದಿಲ್ಲ. ಹಾಗಾದರೆ ಓಬವ್ವನಲ್ಲಿ ವಂದ್ಯವಾದುದು ಯಾವುದು? ಆಕೆಯ ಅಪ್ರಮಾದ, ತನ್ನ ಜನರ ಮೇಲಣ ಮಮತೆ, ಪ್ರಾಣದ ಹಂಗು ತೊರೆದ ಧೈರ್ಯ. ಉರುಳಿದ ತಲೆಗಳ ಲೆಕ್ಕ ವಂದ್ಯವಲ್ಲ. ಮಕ್ಕಳಿಗೆ ಕಿಂಡಿಯನ್ನು ತೋರಿಸುತ್ತ “ಇಲ್ಲಿ ಎಷ್ಟು ಜನ ಸತ್ತರು ಗೊತ್ತೆ?” ಎಂದು ಉತ್ಸಾಹದಿಂದ ಕೇಳುವ ಹಿರಿಯರು ಈ ಭೇದವನ್ನು ಮರೆತವರು. ಕತ್ತಲಲ್ಲಿ ತೆವಳಿ ಬಂದವರೂ ಯಾವುದೋ ಹಳ್ಳಿಯ ಯಾರದೋ ಮಕ್ಕಳು. ದೊರೆಯ ಆಜ್ಞೆಯನ್ನು ಹೊತ್ತು ಬಂದವರು.

ಹಿಂಸೆಯ ಹೊರೆ ಹೆಚ್ಚಾಗಿ ಬೀಳುವುದು ಆಯ್ಕೆಯಿದ್ದವನ ಮೇಲೆ. ಓಬವ್ವನಿಗೆ ಆಯ್ಕೆಯಿರಲಿಲ್ಲ, ಹೈದರನಿಗೆ ಇತ್ತು. ನೆರೆಯ ಸೀಮೆಗಳೊಡನೆ ಮತ್ತೆ ಮತ್ತೆ ಕಾದಿದ ದುರ್ಗದ ನಾಯಕರಿಗೂ ಎಷ್ಟೋ ಸಲ ಇತ್ತು. ಹಿರಿಯ ಮದಕರಿ ನಾಯಕ ಮಡಿದುದು ಮಾಯಕೊಂಡದ ರಣರಂಗದಲ್ಲಿ. 1779ರಲ್ಲಿ ಹೈದರಾಲಿ ಕೋಟೆಯನ್ನು ವಶಪಡಿಸಿಕೊಂಡಾಗ ಕೊನೆಯ ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಸಾವಿರಾರು ಬೇಡರನ್ನು ಅಲ್ಲಿಗೆ ಸಾಗಿಸಿ, ಅವರ ಗಂಡುಮಕ್ಕಳನ್ನು ಚೇಲಾ ಪಡೆಗಳಿಗೆ ಸೇರಿಸಿದರೆಂದು ಚರಿತ್ರಕಾರರು ಬರೆದಿದ್ದಾರೆ. ದೊರೆಗಳ ಕಷಾಯದ ಫಲವನ್ನು ಉಂಡವರು ಈ ಮಕ್ಕಳು. ಅವರ ಹೆಸರಿನ ಒಂದು ಕಲ್ಲೂ ಬೆಟ್ಟದ ಮೇಲೆ ನಮಗೆ ಎದುರಾಗುವುದಿಲ್ಲ. ಭರತ ಬಾಹುಬಲಿಗಳು ಸೈನ್ಯಗಳನ್ನು ಬದಿಗಿರಿಸಿ ತಾವಿಬ್ಬರೇ ದೃಷ್ಟಿ, ಜಲ, ಮಲ್ಲಯುದ್ಧಗಳಿಗೆ ಇಳಿದರೆಂಬ ಕಥೆಯ ಬೆಲೆ ಇಂಥಲ್ಲಿ ತಿಳಿಯುತ್ತದೆ. ಇಬ್ಬರ ಅಭಿಮಾನಕ್ಕಾಗಿ ಅಸಂಖ್ಯರು ಸಾಯಬಾರದೆಂಬ ವಿವೇಕ ಆ ಮಂತ್ರಿಗಳಿಗಿತ್ತು.

ಇನ್ನೂ ಸೂಕ್ಷ್ಮವಾದ ಅಪಾಯವೊಂದಿದೆ. ಕೋಟೆ ಇಳಿದು ಬರುವಾಗ ಕೆಲವರ ಮನಸ್ಸಿನಲ್ಲಿ ಹಳೆಯ ಹಗೆ ಹೊಸತಾಗುತ್ತದೆ. 1779ರ ಲೆಕ್ಕವನ್ನು ಇಂದು ಬದುಕಿರುವ ಯಾರದೋ ಮೇಲೆ ಬರೆಯಲು ಮನಸ್ಸು ಹವಣಿಸುತ್ತದೆ. ಅಂದು ಕೊಂದವರೂ ಸತ್ತವರೂ ತಮ್ಮ ತಮ್ಮ ಕರ್ಮಗಳೊಡನೆ ಹೊರಟುಹೋದರು. ಇಂದಿನ ಕ್ರೋಧ ಮಾತ್ರ ಸಂಪೂರ್ಣವಾಗಿ ನಮ್ಮದು. ಓಬವ್ವನದು ವಿರೋಧೀ ಹಿಂಸೆಯಾದರೆ, ಆಕೆಯ ಹೆಸರಿನಲ್ಲಿ ನಾವು ಪೋಷಿಸುವ ದ್ವೇಷ ಸಂಕಲ್ಪೀ ಹಿಂಸೆಯೇ ಆಗುತ್ತದೆ. ಏಕೆಂದರೆ ನಮ್ಮ ಮುಂದೆ ಕಿಂಡಿಯೂ ಇಲ್ಲ, ನುಸುಳುವ ಶತ್ರುವೂ ಇಲ್ಲ.

ಅನ್ಯಾಯವನ್ನು ಎದುರಿಸಲು ಬೇರೆ ದಾರಿಯಿಲ್ಲವೆ ಎಂದು ಕೇಳುವವರು ಅದೇ ತಾಲ್ಲೂಕಿನ ತುರುವನೂರಿನತ್ತ ನೋಡಬಹುದು. ಕೋಟೆ ಬಿದ್ದ 160 ವರ್ಷಗಳ ಬಳಿಕ, 1939ರಲ್ಲಿ, ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಅಲ್ಲಿಯ ಜನ ಅರಣ್ಯ ಸತ್ಯಾಗ್ರಹ ಹೂಡಿದರು. ಹೆಂಡದ ಮೂಲವಾದ ಈಚಲು ಮರಗಳನ್ನು ಕಡಿದು, ಬಹಿರಂಗವಾಗಿ ಕಾನೂನು ಮುರಿದು, ಸೆರೆಮನೆಗೆ ನಡೆದರು. ಮರ ಕಡಿಯುವುದೂ ಸ್ಥಾವರ ಜೀವಿಗಳ ಹಿಂಸೆಯಲ್ಲವೆ ಎಂದು ಓದುಗರು ಆಕ್ಷೇಪಿಸಬಹುದು. ಆ ಆಕ್ಷೇಪ ಸರಿಯಾದುದೇ. ಗೃಹಸ್ಥನ ಯಾವ ಹೋರಾಟವೂ ಪೂರ್ಣ ನಿರ್ಮಲವಲ್ಲ. ಆದರೂ ಎದುರಾಳಿಯನ್ನು ಕೊಲ್ಲದೆ, ದಂಡನೆಯನ್ನು ತಾವೇ ಹೊತ್ತುಕೊಂಡ ಆ ಹಳ್ಳಿಗರು ವಿರೋಧವನ್ನು ಹಿಂಸೆಯಿಂದ ಬಹುದೂರ ಸರಿಸಿದರು. ಆಯ್ಕೆಗೆ ಅವಕಾಶವಿದ್ದಾಗ ಏನು ಮಾಡಬಹುದೆಂಬುದನ್ನು ತೋರಿಸಿದರು.

ದುರ್ಗಕ್ಕೆ ಹೋಗುವವರು ತುರುವನೂರನ್ನೂ ನೆನೆಯಲಿ. ಓಬವ್ವನ ಕಿಂಡಿಯ ಬಳಿ ಒಂದು ನಿಮಿಷ ಮೌನವಾಗಿ ನಿಂತು, ಕಾದವಳನ್ನೂ ಬಿದ್ದವರನ್ನೂ ಒಟ್ಟಿಗೆ ಸ್ಮರಿಸಲಿ. ಸಂವತ್ಸರಕ್ಕೊಮ್ಮೆ ಸರ್ವಜೀವಿಗಳಲ್ಲಿ ಕ್ಷಮೆ ಬೇಡುವ ನಾವು, ಇನ್ನೂರು ವರ್ಷಗಳ ಹಿಂದಿನ ಶತ್ರುವನ್ನೂ ಆ ಸರ್ವಜೀವಿಗಳೊಳಗೆ ಸೇರಿಸಿಕೊಳ್ಳುವುದು ಕರ್ತವ್ಯವಲ್ಲವೆ?