ಬಾಯೊಳಗಿನ ಚಿನ್ನವೂ ಶ್ರಾವಕನ ಲೆಕ್ಕವೂ

ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಅದಂತಧಾವನವೂ ಒಂದು. ಹಲ್ಲುಜ್ಜುವ ಸಂಸ್ಕಾರವನ್ನೇ ತ್ಯಜಿಸಿ, ದಿನಕ್ಕೊಮ್ಮೆ ನಿಂತು ಕರಪಾತ್ರದಲ್ಲಿ ಆಹಾರ ಸ್ವೀಕರಿಸುವ ಮುನಿಗೆ ಹಲ್ಲಿನ ಕ್ಯಾಪಿನ ಪ್ರಶ್ನೆಯೇ ಉದ್ಭವಿಸದು. ಗೃಹಸ್ಥನ ಮಾತು ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯ ಸಂದರ್ಭಗಳನ್ನು ನಿರೂಪಿಸುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೇಳಿ, ಅವು ಪ್ರತೀಕಾರವಿಲ್ಲದವಾಗಿರಬೇಕೆಂಬ ನಿಬಂಧನೆಯನ್ನೂ ಸೇರಿಸಿದ್ದಾರೆ. ಪರಿಹಾರವಿರುವ ಬೇನೆಗೆ ಪರಿಹಾರ ಮಾಡಿಕೊಳ್ಳುವುದು ದೋಷವಲ್ಲವೆಂಬುದು ಇದರಿಂದ ಫಲಿಸುತ್ತದೆ. ಸಡಿಲವಾದ ಕ್ಯಾಪು ಅಂಥದೊಂದು ಬೇನೆ. ಆದುದರಿಂದ ಬದಲಾಯಿಸಬೇಕೋ ಬೇಡವೋ ಎಂಬುದಕ್ಕಿಂತ, ಯಾವ ವಸ್ತುವಿನಿಂದ ಮಾಡಿಸಬೇಕೆಂಬುದೇ ವಿಚಾರಣೀಯ.

ಎಪ್ಪತ್ತು ದಾಟಿದ ಅಣುವ್ರತಿ ಶ್ರಾವಕರೊಬ್ಬರಿಗೆ ಈ ಪ್ರಶ್ನೆ ಎದುರಾಯಿತು. ಮೂವತ್ತು ವರ್ಷಗಳ ಹಿಂದೆ ಅವರ ಎರಡು ದವಡೆ ಹಲ್ಲುಗಳಿಗೆ ಚಿನ್ನದ ಕ್ಯಾಪು ಹಾಕಿಸಲಾಗಿತ್ತು. ಈಗ ಅಂಚಿನ ಸಿಮೆಂಟು ಕರಗಿ, ಒಳಗೆ ಹುಳುಕು ಸೇರಿತ್ತು. ಎರಡನ್ನೂ ತೆಗೆದು ನೋಡಿದಾಗ ಒಂದು ಹಲ್ಲಿನ ಬೇರು ಗಟ್ಟಿಯಾಗಿಯೇ ಇತ್ತು. ಅದರ ಹಿಂದಿನ ಕೊನೆಯ ಹಲ್ಲಿನ ಬೇರು ಸೀಳಿಹೋಗಿತ್ತು.

ಗಟ್ಟಿ ಹಲ್ಲಿಗೆ ದಂತವೈದ್ಯರು ಸೂಚಿಸಿದ ವಸ್ತುಗಳು ಹಲವು. ನಿಕಲ್-ಕ್ರೋಮಿಯಂ ಲೋಹದ್ದು ಅಗ್ಗ, ಆದರೆ ನಿಕಲ್ ಕೆಲವರ ಮೈಗೆ ಒಗ್ಗದು. ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದು ಕ್ರಮೇಣ ಚಕ್ಕೆ ಏಳಬಹುದು. ಜಿರ್ಕೋನಿಯಾ ಬಿಳಿಯದು, ಬಹಳ ಗಟ್ಟಿ. ಚೆನ್ನಾಗಿ ನುಣುಪು ಮಾಡಿದ್ದರೆ ಎದುರಿನ ಹಲ್ಲನ್ನು ಹೆಚ್ಚು ಸವೆಸದು. ಚಿನ್ನದ ಮಿಶ್ರಲೋಹವಂತೂ ಎದುರು ಹಲ್ಲಿಗೆ ಅತ್ಯಂತ ಸೌಮ್ಯವಾದುದು. ಪಿಂಗಾಣಿಯೆಂದೊಡನೆ ನಮ್ಮ ಮನೆಗಳಲ್ಲಿ ಒಂದು ಶಂಕೆ ಹುಟ್ಟುವುದುಂಟು. ದನದ ಎಲುಬಿನ ಬೂದಿ ಸೇರಿರುವ ಬೋನ್ ಚೈನಾ ಬಟ್ಟಲುಗಳನ್ನು ಎಷ್ಟೋ ಮನೆಗಳು ತ್ಯಜಿಸಿವೆ. ಹಲ್ಲಿನ ಪಿಂಗಾಣಿಯೂ ಅದೇ ಜಾತಿಯದೇ ಎಂಬ ಶಂಕೆ ಅದು. ಅಲ್ಲ. ಅದು ಮುಖ್ಯವಾಗಿ ಫೆಲ್ಡ್‌ಸ್ಪಾರ್ ಎಂಬ ಶಿಲೆ ಮತ್ತು ಬೆಣಚುಕಲ್ಲಿನಿಂದಾದ ಗಾಜು.

ಇವೆಲ್ಲವೂ ಭೂಮಿಯಿಂದ ಬಂದವು. ಶಾಸ್ತ್ರವು ಚಿನ್ನವನ್ನೂ ಶಿಲೆಯನ್ನೂ ಪೃಥ್ವೀಕಾಯದಲ್ಲಿಯೇ ಎಣಿಸುತ್ತದೆ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳ ಬಳಿ ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು ಇಂದಿಗೂ ನಿಂತಿವೆ. ಜಿರ್ಕೋನಿಯಾಕ್ಕೆ ಮೂಲವಾದ ಜಿರ್ಕಾನ್ ಖನಿಜವನ್ನು ಕೇರಳದ ಚವರ, ತಮಿಳುನಾಡಿನ ಮನವಾಳಕುರಿಚಿ ಮೊದಲಾದೆಡೆ ಕಡಲಂಚಿನ ಮರಳನ್ನು ಅಗೆದು ತೆಗೆಯುತ್ತಾರೆ. ಎರಡರಲ್ಲಿಯೂ ಸ್ಥಾವರ ಹಿಂಸೆಯುಂಟು. ಗೃಹಸ್ಥನು ಅದನ್ನು ಪೂರ್ಣವಾಗಿ ಬಿಡಲಾರನೆಂದೇ ಅವನ ಅಹಿಂಸೆ ಅಣುವ್ರತವೆನಿಸಿದೆ. ಹಿರಿಯರು ಜಿರ್ಕೋನಿಯಾವನ್ನು ಒಪ್ಪಿಕೊಂಡರು. ಇಲ್ಲಿಯವರೆಗೆ ತೊಡಕಿಲ್ಲ.

ತೊಡಕು ಬಂದದ್ದು ಕೊನೆಯ ಹಲ್ಲಿನಲ್ಲಿ. ಅದನ್ನು ಕಿತ್ತು, ಗುಳಿಗೆ ಎಲುಬಿನ ಪುಡಿ ತುಂಬಿ, ಕೆಲವು ತಿಂಗಳ ನಂತರ ಇಂಪ್ಲಾಂಟ್ ಕೂರಿಸಿ ಅದರ ಮೇಲೆ ಕ್ಯಾಪು ಹಾಕುವುದೆಂದು ವೈದ್ಯರು ಹೇಳಿದರು. “ಎಲುಬು ಯಾರದು?” ಎಂದು ಹಿರಿಯರು ಕೇಳಿದರು. ದನದ್ದು, ಜೀವಾಂಶವನ್ನೆಲ್ಲ ತೆಗೆದು ಖನಿಜವನ್ನು ಮಾತ್ರ ಉಳಿಸಿದ್ದು. ಅದರ ಮೇಲೆ ಹೊದಿಸುವ ತೆಳು ಪೊರೆಯನ್ನು ಅನೇಕ ವೇಳೆ ಹಂದಿಯ ಅಂಗಾಂಶದಿಂದ ತಯಾರಿಸುತ್ತಾರೆ. ಮಗನಿಗೆ ಕಸಿವಿಸಿಯಾಯಿತು. “ಅಪ್ಪಾಜಿ, ಔಷಧದ ವಿಷಯದಲ್ಲಿ ಇಷ್ಟೆಲ್ಲ ಕೇಳಬಾರದು. ಕೇಳದಿದ್ದರೆ ನಮಗೆ ದೋಷವಿಲ್ಲ.”

ಈ ಮಾತು ನಮ್ಮ ಸಮಾಜದಲ್ಲಿ ಬಹಳ ಕಡೆ ಕೇಳಿಬರುತ್ತದೆ. ಆದುದರಿಂದಲೇ ಇದನ್ನು ನಿಧಾನವಾಗಿ ಪರಿಶೀಲಿಸಬೇಕು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ, ಕಳ್ಳನಿಂದ ತಂದ ಮಾಲನ್ನು ಕೊಳ್ಳುವುದನ್ನೂ ಸೇರಿಸಿದ್ದಾರೆ. ಕದ್ದವನು ಬೇರೆ, ಕೊಂಡವನು ಬೇರೆ. ಆದರೂ ಕೊಂಡವನ ವ್ರತಕ್ಕೆ ಕಳಂಕ. ಪೇಟೆಯಲ್ಲಿ ಕುಳಿತ ಯಾವ ವರ್ತಕನಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದರ ಅತಿಯಾಗಿ ಅಗ್ಗವಿದ್ದಾಗ ಮಾಲು ಎಲ್ಲಿಂದ ಬಂತೆಂದು ಕೇಳದಿರುವುದು ಅಜ್ಞಾನವಲ್ಲ, ಜಾಣತನ. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಕೊಳ್ಳುವವನು ಮೊದಲನೆಯದರಿಂದ ಪಾರಾದರೂ ಮೂರನೆಯದರಿಂದ ಪಾರಾಗುವುದು ಕಷ್ಟ. ತಿಳಿಯದೆಯೇ ಹಿಂದೆ ಹಾಕಿಸಿಕೊಂಡವರ ಮಾತು ಬೇರೆ. ಅದನ್ನು ಕೀಳಿಸಬೇಕಾಗಿಲ್ಲ, ಪ್ರತಿಕ್ರಮಣದಲ್ಲಿ ನೆನೆದರೆ ಸಾಕು.

ಹಂದಿ ಅಥವಾ ದನದ ಅಂಗಾಂಶದಿಂದಾದ ಹೃದಯದ ಕವಾಟವನ್ನು ಕೆಲವು ರೋಗಿಗಳಿಗೆ ಹಾಕುತ್ತಾರಲ್ಲವೆಂದು ಮಗನು ವಾದಿಸಿದನು. ಪ್ರಾಣವೇ ಹೋಗುವಲ್ಲಿನ ಪ್ರಶ್ನೆ ಬಲು ಕಠಿಣವಾದುದು, ಅದನ್ನು ಆಯಾ ಕುಟುಂಬವು ಗುರುಗಳ ಸನ್ನಿಧಿಯಲ್ಲಿ ಕೇಳಿ ನಿರ್ಧರಿಸಬೇಕು. ಆದರೆ ಆ ಕಠಿಣತೆಯನ್ನು ದವಡೆಯ ಕೊನೆಯ ಹಲ್ಲಿಗೆ ಎಳೆದು ತರುವುದು ಸರಿಯಲ್ಲ. ಇಲ್ಲಿ ಬೇರೆ ದಾರಿಗಳಿವೆ. ಕೃತಕವಾಗಿ ತಯಾರಿಸಿದ ಕ್ಯಾಲ್ಸಿಯಂ ಫಾಸ್ಫೇಟಿನ ಪುಡಿಯುಂಟು. ರೋಗಿಯ ದವಡೆಯಿಂದಲೇ ತುಸು ಎಲುಬು ತೆಗೆದು ಬಳಸುವುದೂ ಉಂಟು. ತಮಗೆ ದನದ ಪುಡಿಯಲ್ಲಿಯೇ ಹೆಚ್ಚು ಅನುಭವವೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದು ಅವರ ಹಿರಿಮೆ. ಹರೆಯದವರಾಗಿದ್ದರೆ ಕೃತಕ ಪುಡಿಯನ್ನು ಆರಿಸಿ, ಅದರ ಫಲದಲ್ಲಿ ತುಸು ಅನಿಶ್ಚಯವನ್ನು ಸಹಿಸುವುದು ಯುಕ್ತ. ಹಿರಿಯರು ಗುಳಿಯನ್ನು ಹಾಗೆಯೇ ಮಾಯಲು ಬಿಟ್ಟರು. ಉಳಿದ ಹಲ್ಲುಗಳಲ್ಲಿ ರೊಟ್ಟಿ ಅಗಿಯಬಹುದಾಗಿತ್ತು. ಮಗನು ಇದನ್ನು ಹಟವೆಂದನು. ಅವರ ಅಗತ್ಯ ಅಷ್ಟೇ ಇತ್ತೆಂಬುದು ಹೆಚ್ಚು ನಿಜ.

ಉಳಿದದ್ದು ಹಳೆಯ ಚಿನ್ನ. ವೈದ್ಯರು ಎರಡು ಕ್ಯಾಪುಗಳನ್ನೂ ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೈಗಿತ್ತರು. ಹಿರಿಯರ ಪರಿಗ್ರಹ ಪರಿಮಾಣದಲ್ಲಿ ಚಿನ್ನದ ಮಿತಿ ಆಗಲೇ ತುಂಬಿತ್ತು. “ಮೂವತ್ತು ವರ್ಷ ಬಾಯಲ್ಲಿದ್ದಾಗ ಲೆಕ್ಕಕ್ಕೆ ಬಾರದ್ದು ಈಗೇಕೆ ಬರಬೇಕು, ಮಾವಯ್ಯ?” ಎಂದು ಸೊಸೆ ಕೇಳಿದಳು. ಪ್ರಶ್ನೆ ಸೊಗಸಾದುದು. ತತ್ತ್ವಾರ್ಥಸೂತ್ರವು ಪರಿಗ್ರಹವೆಂದರೆ ಮೂರ್ಛೆಯೆನ್ನುತ್ತದೆ, ಅಂದರೆ ವಸ್ತುವಿನಲ್ಲಿ ಮಮತ್ವ. ಬಾಯಲ್ಲಿದ್ದಾಗ ಅದು ಹಲ್ಲು. ಅದರ ತೂಕವನ್ನು ಯಾರೂ ನೆನೆಯಲಿಲ್ಲ. ಪೊಟ್ಟಣ ಕೈಗೆ ಬಂದೊಡನೆ ಮನೆಯವರೆಲ್ಲರೂ ಅಂದಿನ ಚಿನ್ನದ ದರವನ್ನು ಕೇಳಿಕೊಂಡಿದ್ದರು. ವಸ್ತು ಬದಲಾಗಿರಲಿಲ್ಲ, ನೋಟ ಬದಲಾಗಿತ್ತು. ಮೂರ್ಛೆ ಒಳಹೊಕ್ಕಿದ್ದು ಆ ಗಳಿಗೆಯಲ್ಲಿ.

ಹಲ್ಲಿನ ಚಿನ್ನ ಅಪರಂಜಿಯಲ್ಲ, ಗಟ್ಟಿತನಕ್ಕಾಗಿ ಅದರಲ್ಲಿ ತಾಮ್ರ, ಬೆಳ್ಳಿ ಮೊದಲಾದುವು ಬೆರೆತಿರುತ್ತವೆ. ಅಕ್ಕಸಾಲಿಗನು ಒರೆ ಹಚ್ಚಿ, ತೂಗಿ, ಕಳೆ ಕಳೆದು ಹಣ ಕೊಟ್ಟನು. ಅಂದಿನ ಕಿರ್ದಿಯಲ್ಲಿ ಜಮೆಯ ಕಡೆ “ಹಳೆಯ ಹಲ್ಲಿನ ಚಿನ್ನ” ಎಂದೂ, ಖರ್ಚಿನ ಕಡೆ ಅಷ್ಟೇ ಮೊಬಲಗು “ಔಷಧದಾನ” ಎಂದೂ ಹಿರಿಯರ ಕೈಬರಹದಲ್ಲಿ ದಾಖಲಾಗಿದೆ.