ಹೋದರೆ ಹೋಗಲಿ

ಅಪಾಯದ ದಾರಿಗೆ ನಮ್ಮಲ್ಲಿರುವ ಒಳ್ಳೆಯದನ್ನು ಒಡ್ಡಬೇಕೆ, ಸಾಧಾರಣವಾದುದನ್ನೆ? ಈ ಪ್ರಶ್ನೆ ನನಗೆ ಎದುರಾದದ್ದು ಒಂದು ಕೊಳದ ದಡದಲ್ಲಿ.

ಹೋದ ಬೇಸಗೆಯಲ್ಲಿ ಕ್ಯಾಲಿಫೋರ್ನಿಯದಲ್ಲಿರುವ ಅಕ್ಕನ ಮಗ ನನ್ನನ್ನು ಡಿಸ್ಕ್ ಗಾಲ್ಫ್ ನೋಡಲು ಕರೆದೊಯ್ದ. ಚೆಂಡಿಗೆ ಬದಲು ಪ್ಲಾಸ್ಟಿಕ್ ತಟ್ಟೆ. ಕುಳಿಗೆ ಬದಲು ಸರಪಣಿ ತೂಗುಬಿಟ್ಟ ಬುಟ್ಟಿ. 1975ರಲ್ಲಿ ಅದೇ ರಾಜ್ಯದ ಓಕ್ ಗ್ರೋವ್ ಉದ್ಯಾನದಲ್ಲಿ ಎಡ್ ಹೆಡ್ರಿಕ್ ಎಂಬವರು ಈ ಆಟಕ್ಕೊಂದು ಕಾಯಂ ಬಯಲನ್ನು ಏರ್ಪಡಿಸಿದರು.

ನಾವು ಹೋದಲ್ಲಿ ಒಂದು ಕಡೆ ಕೊಳವನ್ನು ದಾಟಿಸಿ ಎಸೆಯಬೇಕಿತ್ತು. ನೀರಿಗೆ ಬಿದ್ದರೆ ಒಂದು ಎಸೆತದ ದಂಡ. ಬಹುಪಾಲು ತಟ್ಟೆಗಳು ಮುಳುಗುವುದರಿಂದ ತಟ್ಟೆಯೂ ಹೋದಂತೆಯೇ. ಹುಡುಗ ಚೀಲದಲ್ಲಿ ಕೈಯಾಡಿಸಿ, ಕೈಗೆ ಪಳಗಿದ ತಟ್ಟೆಯನ್ನು ಒಳಗೇ ಇಟ್ಟು, ಬೇರೆ ಯಾವುದನ್ನೋ ತೆಗೆದ. "ಇದು ಹೋದರೆ ಹೋಗಲಿ, ಮಾಮ" ಎಂದ. ಅದು ಹೋಯಿತು.

ಅವನದು ತಪ್ಪೆನ್ನಲಾರೆ. ಸವೆದು ಹದಗೊಂಡ ತಟ್ಟೆಯ ಹಾರಾಟ ಅಂಗಡಿಯ ಹೊಸದಕ್ಕೆ ಬರುವುದಿಲ್ಲ. ಆದರೆ ದಾಟಲೇಬೇಕಾದ ಕಡೆ ನೆಚ್ಚಿನದು ಒದಗದಿದ್ದರೆ, ಅದನ್ನು ಕಾಪಾಡಿದ್ದು ಯಾತಕ್ಕೆ? 'ಹೋದರೆ ಹೋಗಲಿ' ಎಂಬುದು ಕೇಳುವುದಕ್ಕೆ ವೈರಾಗ್ಯದ ಮಾತು, ಒಳಗಿರುವುದು ಲೋಭ. ಕಠೋಪನಿಷತ್ತಿನಲ್ಲಿ ನಚಿಕೇತನ ತಂದೆ ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಟ್ಟದ್ದೂ ಇದೇ ಲೆಕ್ಕದಲ್ಲಿ.

ಆ ಬಾಲಕನಂತೆ ಪ್ರಶ್ನಿಸುವ ಅಧಿಕಾರ ನನಗಿಲ್ಲ. ಹತ್ತು ವರ್ಷದಿಂದ ನನ್ನ ಒಳ್ಳೆಯ ಓದನ್ನೆಲ್ಲ ಮುಂದೆ ಬರೆಯುವ ಪುಸ್ತಕಕ್ಕೆಂದು ಕಟ್ಟಿಟ್ಟು, ತರಗತಿಗೆ ಹಳೆಯ ಟಿಪ್ಪಣಿಗಳನ್ನೇ ಒಯ್ಯುತ್ತಿದ್ದೇನೆ. ಪುಸ್ತಕ ಇನ್ನೂ ಬಂದಿಲ್ಲ. ಹುಡುಗರು ಮಾತ್ರ ವರ್ಷವರ್ಷವೂ ದಾಟಿಹೋಗುತ್ತಿದ್ದಾರೆ.