ಸೋರುವ ಕಾರೂ ಅಂಜೂರದ ಮರವೂ

(ಓದಿಕೊಳ್ಳಿ: ಲೂಕ 13:6-9)



ಭಾನುವಾರದ ಬಲಿಪೂಜೆ ಮುಗಿದು ವಾಹನಗಳೆಲ್ಲ ಹೊರಟ ಮೇಲೆ ದೇವಾಲಯದ ಅಂಗಳವನ್ನು ಒಮ್ಮೆ ನೋಡಿ. ಯಾರ ಕಾರು ಎಲ್ಲಿ ನಿಂತಿತ್ತೆಂದು ಕೆಲವೊಮ್ಮೆ ನೆಲವೇ ಹೇಳುತ್ತದೆ. ಅಂಥ ಒಂದು ಕಪ್ಪು ಕಲೆಯ ಒಡೆಯರು ಒಂದು ದಿನ ಪತ್ನಿಯೊಡನೆ ನನ್ನ ಬಳಿಗೆ ಬಂದರು. ಅವರದು 18 ವರ್ಷದ ಮಾರುತಿ 800. "ಫಾದರ್, ಈ ಕಾರು ಸಾಕಾಗಿದೆ. ನಿಲ್ಲಿಸಿದಲ್ಲೆಲ್ಲ ಆಯಿಲ್ ಸೋರಿ ಮರ್ಯಾದೆ ಹೋಗುತ್ತಿದೆ. ಸಾಲ ಮಾಡಿಯಾದರೂ ಹೊಸದು ತರುತ್ತೇನೆ. ನೀವು ಆಶೀರ್ವದಿಸಿ ಕೊಡಬೇಕು" ಎಂದರು ಯಜಮಾನರು.

ಪತ್ನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ತಿಂಗಳು ಮಗಳ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಬೇಕು ಫಾದರ್. ಕಾರಿನ ಕಂತು ಶುರುವಾದರೆ ಅದು ಹೇಗೆ? ಹಾಗಂತ ಕಾರಿಲ್ಲದೆಯೂ ಆಗುವುದಿಲ್ಲ. ಅತ್ತೆಯವರನ್ನು ಆಸ್ಪತ್ರೆಗೆ, ಮಂಗಳವಾರ ಡೋರ್ನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಕರೆದೊಯ್ಯಲು ಇದೇ ಆಧಾರ" ಎಂದರು.

ಆಯಿಲ್ ಎಲ್ಲಿಂದ ಸೋರುತ್ತಿದೆ ಎಂದು ಕೇಳಿದೆ. ಯಜಮಾನರಿಗೆ ಗೊತ್ತಿರಲಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿದಾಗಲೆಲ್ಲ ಅರ್ಧ ಲೀಟರ್ ಸುರಿದು ಎರಡು ವರ್ಷ ತಳ್ಳಿದ್ದರು. ಮನೆಯಲ್ಲಿ ಹೇಳಿರಲಿಲ್ಲ. ಒಮ್ಮೆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಆಯಿಲ್ಲಿನ ಕೆಂಪು ದೀಪ ಹತ್ತಿಕೊಂಡಿದ್ದನ್ನೂ ಬಚ್ಚಿಟ್ಟಿದ್ದರು. ಆ ದೀಪ ಹತ್ತಿದ ಮೇಲೂ ಓಡಿಸಿದರೆ ಎಂಜಿನ್ ಸೀಜ್ ಆಗಿ ನಡುರಸ್ತೆಯಲ್ಲಿ ನಿಂತೀತು. ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಆಯಿಲ್ ಬಿದ್ದರೆ ಬೆಂಕಿಯ ಭಯವೂ ಉಂಟು. ಆ ಮಾತು ಕೇಳಿ ಪತ್ನಿಯ ಕಣ್ಣು ತುಂಬಿತು. "ಕಾರು ಕೆಟ್ಟಿದ್ದಕ್ಕೆ ಬೇಸರವಿಲ್ಲ ಫಾದರ್, ಇವರು ಹೇಳಲಿಲ್ಲವಲ್ಲ" ಎಂದರು.

ಪ್ರಿಯರೇ, ಅಂಜೂರದ ಮರದ ಸಾಮತಿಯನ್ನು ನೆನಪಿಸಿಕೊಳ್ಳಿ. ಮೂರು ವರ್ಷ ಹಣ್ಣು ಕಾಣದ ಯಜಮಾನ ಮರ ಕಡಿಯಲು ಹೇಳುತ್ತಾನೆ. ತೋಟಗಾರ ಒಂದು ವರ್ಷದ ಗಡುವು ಬೇಡುತ್ತಾನೆ. ಆದರೆ ಮರ ಚೆನ್ನಾಗಿಯೇ ಇದೆ ಎಂದು ಅವನು ವಾದಿಸುವುದಿಲ್ಲ. ಬುಡ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ, ಆಗಲೂ ಫಲ ಬಾರದಿದ್ದರೆ ಕಡಿಯಬಹುದು ಎಂದು ಒಪ್ಪುತ್ತಾನೆ. ಅವನ ತಾಳ್ಮೆಯಲ್ಲಿ ಬುಡ ನೋಡುವ ಧೈರ್ಯವಿದೆ, ಬೆವರಿದೆ, ಕೊನೆಯ ದಿನವೂ ಇದೆ. ನಮ್ಮ ಯಜಮಾನರು ಎರಡು ವರ್ಷ ತಾಳಿದ್ದರು, ನಿಜ. ಆದರೆ ಬುಡ ಅಗೆದಿರಲಿಲ್ಲ.

ಇಬ್ಬರೂ ಜೊತೆಯಾಗಿ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಮೊದಲು ಎಂಜಿನ್ನನ್ನು ತೊಳೆದು ಒಣಗಿಸಿ, ಸ್ವಲ್ಪ ದೂರ ಓಡಿಸಿ, ರಾತ್ರಿ ಕೆಳಗೆ ರಟ್ಟು ಹಾಸಿದ. ಆಯಿಲ್ ಮೇಲಿನಿಂದ ಇಳಿಯುತ್ತದೆ, ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹನಿ ಬೀಳುವ ಜಾಗವೇ ಸೋರುವ ಜಾಗವಾಗಿರಬೇಕಿಲ್ಲ. ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದ್ದರೆ ಖರ್ಚು ಕಡಿಮೆ. ಗೇರ್‌ಬಾಕ್ಸ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದ್ದರೆ, ಸೀಲಿನ ಬೆಲೆ ಅಲ್ಪವಾದರೂ ಗೇರ್‌ಬಾಕ್ಸ್ ಇಳಿಸುವ ಕೂಲಿ ಸಾವಿರಗಳಲ್ಲಿ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಒಳಗೇ ಉರಿಯುತ್ತಿದೆ, ಎಂಜಿನ್ನೇ ಸವೆದಿರಬಹುದು. ಆಗ ಲೆಕ್ಕವೇ ಬೇರೆ.

ಇವರಲ್ಲಿ ಹೋಗಿದ್ದುದು ಪ್ಯಾಕಿಂಗ್ ಮತ್ತು ಆ ಸೀಲು. ಹೊಗೆಯಿರಲಿಲ್ಲ, ತಳ ತುಕ್ಕು ಹಿಡಿದಿರಲಿಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುಸ್ವಾಮಿ ಕೇಳಿದಂತೆ (ಲೂಕ 14:28) ಇಬ್ಬರೂ ಕುಳಿತು ಬರೆದರು: ರಿಪೇರಿಗೆ ಎಷ್ಟು, ಹೊಸ ಕಾರಿನ ಕಂತು ಮತ್ತು ವಿಮೆ ಎಷ್ಟು, ಮಗಳ ಫೀಸು ಎಷ್ಟು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ತಪಾಸಣೆಯಾಗಿ ಮತ್ತೆ ಐದು ವರ್ಷಕ್ಕೆ. ಅಂದರೆ ಇನ್ನೆರಡು ವರ್ಷ ಉಳಿದಿದೆ. ಅಲ್ಲಿಯವರೆಗೆ ರಿಪೇರಿ ಮಾಡಿಸಿ ಓಡಿಸುವುದು, ಕಂತಿನ ಬದಲು ತಿಂಗಳು ತಿಂಗಳು ಒಂದಿಷ್ಟು ಕೂಡಿಡುವುದು, ಆಮೇಲೆ ಕಾರನ್ನು ಬಿಟ್ಟುಕೊಡುವುದು ಎಂದು ನಿಶ್ಚಯಿಸಿದರು.

ಎಲ್ಲರಿಗೂ ಉತ್ತರ ಇದೇ ಎನ್ನುತ್ತಿಲ್ಲ. ಬ್ರೇಕು ನಂಬುವಂತಿಲ್ಲ, ತಳ ತುಕ್ಕು ತಿಂದಿದೆ ಎಂದಾದರೆ ಆ ಕಾರನ್ನು ಓಡಿಸುವುದು ಉಳಿತಾಯವಲ್ಲ, ದಾರಿಹೋಕರ ಪ್ರಾಣದೊಡನೆ ಆಟ. ಆಗ ಬಿಡಲೇಬೇಕು. ಆದರೆ ಮಾರುವಾಗ ಎಂಜಿನ್ ತೊಳೆದು ಹೊಳೆಯಿಸಿ ಲೀಕ್ ಮುಚ್ಚಿಡಬೇಡಿ. ಸುಳ್ಳು ತಕ್ಕಡಿ ದೇವರಿಗೆ ಅಸಹ್ಯವೆಂದು ಜ್ಞಾನೋಕ್ತಿ ಗ್ರಂಥ ಎಚ್ಚರಿಸುತ್ತದೆ. ಬಳಸಿ ಬಿಸಾಡುವ ಸಂಸ್ಕೃತಿಯನ್ನು ಜಗದ್ಗುರು ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಖಂಡಿಸಿದರು. ಸರಿಪಡಿಸಬಹುದಾದುದನ್ನು ಕೇವಲ ನಾಚಿಕೆಗೆ ಎಸೆಯುವುದೂ ತಪ್ಪು, ನೆಲಕ್ಕೂ ಬಾವಿಗೂ ಆಯಿಲ್ ಇಳಿಯುತ್ತಿದ್ದರೂ ಸುಮ್ಮನಿರುವುದೂ ತಪ್ಪು.

ಈಗ ನಮ್ಮ ಮನೆಗಳ ಕಡೆ ತಿರುಗೋಣ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ. ಸೋರಿಕೆ ಇರುವುದು ಉಪ್ಪಿನಲ್ಲಿ ಅಲ್ಲ, ಅದಕ್ಕಿಂತ ಮೇಲೆಲ್ಲೋ: ಹೇಳದೆ ಮಾಡಿದ ಸಾಲದಲ್ಲಿ, ಕೇಳದೆ ಉಳಿದ ಕ್ಷಮೆಯಲ್ಲಿ. ನಾವು ಒಂದು ಸೀರೆ ತಂದು, ಸಿಹಿ ತಂದು, ಎರಡು ದಿನ ಮೌನವಾಗಿದ್ದು ಅರ್ಧ ಲೀಟರ್ ಸುರಿದು ಮುಂದೆ ಸಾಗುತ್ತೇವೆ. ಹೊಡೆತ ಬಡಿತವಿರುವ ಮನೆಯಲ್ಲಿ "ಸಹಿಸಿಕೋ ಮಗಳೇ" ಎನ್ನುವ ಬುದ್ಧಿವಾದವೂ ಇಂಥದ್ದೇ. ಅದು ತಾಳ್ಮೆಯಲ್ಲ. ಅಲ್ಲಿ ಮೊದಲು ಆಕೆಗೆ ರಕ್ಷಣೆ ಬೇಕು. ಕಾರಿಗೆ ಬದಲು ಕಾರು ಸಿಗುತ್ತದೆ. ಪತಿ, ಪತ್ನಿ, ತಾಯಿ, ಮಕ್ಕಳು ಬದಲಿ ಸಿಗುವ ಸಾಮಾನುಗಳಲ್ಲ. ಆದ್ದರಿಂದಲೇ ಅವರ ವಿಷಯದಲ್ಲಿ ಬುಡ ನೋಡುವ ಕೆಲಸ ಇನ್ನೂ ಅಗತ್ಯ. ಪಾಪನಿವೇದನೆ ಸಂಸ್ಕಾರದಲ್ಲಿ ಪ್ರಭು ನಮ್ಮನ್ನು ತೊಳೆಯುತ್ತಾರೆ. ತೊಳೆದ ಮೇಲೆಯೇ ಎಲ್ಲಿ ಸೋರುತ್ತಿತ್ತೆಂದು ಕಾಣುವುದು.

ಈ ವಾರ ಒಂದು ಸಂಜೆ, ಜಪಸರದ ಪ್ರಾರ್ಥನೆ ಮುಗಿದ ಮೇಲೆ, ಗಂಡ ಹೆಂಡಿರು ಎದುರುಬದುರು ಕುಳಿತು ಒಬ್ಬರಿಗೊಬ್ಬರು ಹೇಳದೆ ಉಳಿಸಿಕೊಂಡ ಒಂದೇ ಒಂದು ಸಂಗತಿಯನ್ನು ಹೇಳಿ. ಕೇಳುವವರು ಆ ಹೊತ್ತಿಗೆ ಕೋಪಿಸಿಕೊಳ್ಳದಿರಲಿ.

ಪ್ರಾರ್ಥನೆ: ಪ್ರಭುವೇ, ನಮಗಾಗಿ ತಂದೆಯಲ್ಲಿ ಗಡುವು ಬೇಡುವ ತೋಟಗಾರರು ನೀವೇ. ಮುಚ್ಚಿಟ್ಟದ್ದನ್ನು ಹೇಳುವ ಧೈರ್ಯವನ್ನೂ, ಸರಿಪಡಿಸುವ ಶ್ರಮವನ್ನೂ, ಬಿಡಬೇಕಾದುದನ್ನು ಬಿಡುವ ವಿವೇಕವನ್ನೂ ನಮ್ಮ ಕುಟುಂಬಗಳಿಗೆ ದಯಪಾಲಿಸಿರಿ. ಆಮೆನ್.